ಅಮೆರಿಕದ ಮೂರನೇ ಗ್ರೇಡ್: ಹೊಸದಾಗಿ ಬಂದ ಕನ್ನಡದ ಅಪ್ಪ-ಅಮ್ಮಂದಿರಿಗೆ

ಊರಿನಿಂದ ಎಂಟು ವರ್ಷದ ಮಗುವನ್ನು ಕರೆದುಕೊಂಡು ಬಂದವರು ಮೊದಲ ತಿಂಗಳಲ್ಲೇ ಹೇಳುವ ಮಾತು ಒಂದಿದೆ: "ಇಲ್ಲಿ ಏನೂ ಓದಿಸೋದೇ ಇಲ್ವಲ್ಲ!" ಪಠ್ಯಪುಸ್ತಕ ಮನೆಗೆ ಬರುವುದಿಲ್ಲ, ಬರೆಸಿದ ನೋಟ್ಸ್ ಇಲ್ಲ, ಯೂನಿಟ್ ಟೆಸ್ಟ್ ಇದ್ದರೂ ಎಷ್ಟನೇ ರ್‍ಯಾಂಕ್ ಎಂದು ಯಾರೂ ಹೇಳುವುದಿಲ್ಲ. ಮಗು ಬ್ಯಾಗಿನಲ್ಲಿ ಎರಡು ಹಾಳೆ ಇಟ್ಟುಕೊಂಡು ನಗುತ್ತಾ ಮನೆಗೆ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಟ್ಯೂಷನ್ ಸೆಂಟರಿಗೆ ಸೇರಿಸುತ್ತಾರೆ, ರಾತ್ರಿ ವರ್ಕ್‌ಶೀಟ್ ಶುರುವಾಗುತ್ತದೆ. ದಯವಿಟ್ಟು ಸ್ವಲ್ಪ ತಡೆಯಿರಿ. ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮಗುವಿನ ಮೇಲೆ ಹೊಸ ಭಾರ ಬೀಳುವ ವರ್ಷವೇ ಮೂರನೇ ಗ್ರೇಡ್. ಅದು ಯಾವ ಭಾರ ಎಂದು ತಿಳಿಯದೆ ನಾವು ಬೇರೆಯದನ್ನೇ ಹೊರಿಸುತ್ತೇವೆ.

ಎರಡನೇ ಗ್ರೇಡಿನವರೆಗೆ ಮಗು ಓದುವುದನ್ನು ಕಲಿಯುತ್ತದೆ. ಮೂರರಿಂದ ಓದಿ ವಿಷಯ ತಿಳಿದುಕೊಳ್ಳಬೇಕು. ಲೆಕ್ಕದಲ್ಲಿ ಇಲ್ಲಿಯವರೆಗೆ ಕೂಡುವುದು, ಕಳೆಯುವುದೇ ಮುಖ್ಯವಾಗಿತ್ತು. ಈಗ ಗುಣಾಕಾರ, ಭಾಗಾಕಾರ, ಭಿನ್ನರಾಶಿ ಮೂರೂ ಒಂದೇ ವರ್ಷದಲ್ಲಿ ಬರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಉತ್ತರ ಹೇಳಿದ ಮೇಲೆ "ನಿನಗೆ ಹೇಗೆ ಗೊತ್ತಾಯ್ತು?" ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಊರಿನ ಶಾಲೆಯಿಂದ ಬಂದ ಜಾಣ ಮಕ್ಕಳು ತಡವರಿಸುವುದು ಇಲ್ಲೇ. ಈ ಇಡೀ ಬರಹದ ತಿರುಳೂ ಇದೇ: ಮನೆಯಲ್ಲಿ ಮಗು ಕಾರಣ ಕೊಟ್ಟು ಮಾತಾಡುವ ಅಭ್ಯಾಸ ಬೆಳೆಸಿ, ಅದೂ ಕನ್ನಡದಲ್ಲೇ.

ಇಲ್ಲಿ ಬರೆದಿರುವುದು ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಯಾವ ಗ್ರೇಡಿನಲ್ಲಿ ಏನು ಬರಬೇಕು ಎಂದು ಹೇಳುವ ಕಾಮನ್ ಕೋರ್ ಎಂಬ ಪಟ್ಟಿಯನ್ನು ಒಪ್ಪಿಕೊಂಡ ಬೇರೆ ರಾಜ್ಯಗಳಲ್ಲೂ ಲೆಕ್ಕ ಮತ್ತು ಇಂಗ್ಲಿಷಿನ ಪಾಠ ಬಹುಪಾಲು ಹೀಗೇ ಇರುತ್ತದೆ. ಟೆಕ್ಸಸ್, ವರ್ಜೀನಿಯಾ, ಫ್ಲಾರಿಡಾದವರು ತಮ್ಮ ರಾಜ್ಯದ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ.

ಯಾವ ತರಗತಿ, ಯಾವ ಕಾಗದ

ಸೆಪ್ಟೆಂಬರ್ 1ಕ್ಕೆ 5 ತುಂಬಿದ ಮಗು ಕಿಂಡರ್‌ಗಾರ್ಟನ್, ಅದೇ ಲೆಕ್ಕದಲ್ಲಿ 8 ತುಂಬಿದ ಮಗು ಮೂರನೇ ಗ್ರೇಡ್. ಐದೂವರೆಗೇ ಒಂದನೇ ಕ್ಲಾಸ್ ಸೇರಿದ ನವೆಂಬರಿನ ಮಗು ಊರಿನಲ್ಲಿ ಮೂರನೇ ಕ್ಲಾಸ್ ಮುಗಿಸಿ ಬಂದರೂ ಆಗಸ್ಟಿನಲ್ಲಿ ಮತ್ತೆ ಮೂರಕ್ಕೇ ಕೂರುತ್ತದೆ. "ಒಂದು ವರ್ಷ ವೇಸ್ಟ್ ಆಯ್ತು" ಎಂದು ನಾಲ್ಕಕ್ಕೆ ಹಾಕಿಸಲು ಆಫೀಸಿನಲ್ಲಿ ವಾದ ಮಾಡುವವರಿದ್ದಾರೆ. ಮಾಡಬೇಡಿ. ಹೊಸ ದೇಶ, ಹೊಸ ಉಚ್ಚಾರಣೆ, ಹೊಸ ಆಟ, ಇವೆಲ್ಲದರ ನಡುವೆ ತನಗಿಂತ ಒಂದು ವರ್ಷ ದೊಡ್ಡವರ ಜೊತೆ ಕೂರಿಸುವುದು ಮಗುವಿಗೆ ಮಾಡುವ ಉಪಕಾರವಲ್ಲ.

ಹುಟ್ಟಿದ ದಿನಾಂಕದ ದಾಖಲೆ, ವಿಳಾಸದ ದಾಖಲೆ, ಲಸಿಕೆಯ ಪಟ್ಟಿ ಇದ್ದರೆ ಸೇರ್ಪಡೆ ಆಗುತ್ತದೆ. 9 ತಿಂಗಳಿಗೆ ಹಾಕಿಸಿದ ದಡಾರದ ಲಸಿಕೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಹುಟ್ಟುಹಬ್ಬದ ನಂತರ ಹಾಕಿಸಿದ ಎರಡು ಡೋಸ್ ತೋರಿಸಬೇಕು. ಚಿಕನ್‌ಪಾಕ್ಸ್ ಲಸಿಕೆಯೂ ಎರಡು ಬೇಕು.

ಕಾಗದಗಳ ಪೈಕಿ ಒಂದನ್ನು ಮಾತ್ರ ನಿಧಾನವಾಗಿ ಓದಿ: ಮನೆಮಾತಿನ ಬಗ್ಗೆ ಕೇಳುವ ನಾಲ್ಕು ಪ್ರಶ್ನೆಗಳ ಹಾಳೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಆಡುವ ಭಾಷೆ ಯಾವುದು ಎಂದೆಲ್ಲ ಕೇಳಿರುತ್ತಾರೆ. ಕನ್ನಡ ಎಂದು ಬರೆದರೆ 30 ದಿನಗಳ ಒಳಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಅದನ್ನು ತಪ್ಪಿಸಲೆಂದು ಎಲ್ಲ ಕಡೆ ಇಂಗ್ಲಿಷ್ ಎಂದು ತುಂಬುವುದು ನಮ್ಮವರಲ್ಲಿ ಸಾಮಾನ್ಯ. ನಿಜ ಬರೆಯಿರಿ. ಇಂಗ್ಲಿಷ್ ಚೆನ್ನಾಗಿ ಬರುವ ಮಗು ಮೊದಲ ಪರೀಕ್ಷೆಯಲ್ಲೇ ಪಾಸಾಗುತ್ತದೆ, ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರುವುದೇ ಇಲ್ಲ. ಬಾರದ ಮಗುವಿಗೆ ಪ್ರತಿದಿನ ಹೆಚ್ಚಿನ ಇಂಗ್ಲಿಷ್ ಪಾಠ ಸಿಗುತ್ತದೆ, ಅದು ಅದರ ಹಕ್ಕು. ಪ್ರತಿ ವಸಂತಕ್ಕೆ ಒಂದು ಪರೀಕ್ಷೆ ಇರುತ್ತದೆ, ಮಟ್ಟ ಮುಟ್ಟಿದ ಮೇಲೆ ಹೆಸರು ತೆಗೆಯುತ್ತಾರೆ. ಇದು ಕಪ್ಪು ಚುಕ್ಕೆಯಲ್ಲ, ಮುಂದೆ ಯಾವ ಬಾಗಿಲನ್ನೂ ಮುಚ್ಚುವುದಿಲ್ಲ. ಸುಳ್ಳು ಬರೆದಾಗ ಇನ್ನೊಂದು ನಷ್ಟವೂ ಇದೆ. ಮನೆಯ ಭಾಷೆಯನ್ನು ಮುಚ್ಚಿಡಬೇಕು ಎಂಬ ಪಾಠವನ್ನು ಮಗು ಮೊದಲ ದಿನವೇ ನಮ್ಮಿಂದಲೇ ಕಲಿಯುತ್ತದೆ.

ಲೆಕ್ಕ: ಮಗ್ಗಿ ಬಂದರೆ ಸಾಲದು

ಲೆಕ್ಕದಲ್ಲಿ ನಮ್ಮ ಮಕ್ಕಳು ಮುಂದೆ ಎಂಬ ನಂಬಿಕೆ ಅರ್ಧ ನಿಜ. ವರ್ಷದ ಕೊನೆಗೆ ಒಂದಂಕಿಯ ಸಂಖ್ಯೆಗಳ ಗುಣಲಬ್ಧವೆಲ್ಲ ಬಾಯಿಗೆ ಬರಬೇಕು ಎಂಬುದು ಇಲ್ಲಿನ ನಿಯಮ. "ಎಂಟೊಂದ್ಲ ಎಂಟು, ಎಂಟೆರಡ್ಲ ಹದಿನಾರು" ಎಂದು ಇಪ್ಪತ್ತರವರೆಗೆ ಒಪ್ಪಿಸುವ ಮಗುವಿಗೆ ಅದೇನೂ ಕಷ್ಟವಲ್ಲ. ಮಗ್ಗಿಯನ್ನು ಬಿಡಿಸಬೇಡಿ, ಅದು ಆಸ್ತಿ. ಆದರೆ ಶಾಲೆ ಅದಕ್ಕೂ ಮುಂಚಿನ ಪ್ರಶ್ನೆ ಕೇಳುತ್ತದೆ: 3 × 4 ಎಂದರೆ ಚಿತ್ರ ಹೇಗಿರುತ್ತದೆ? ಇಲ್ಲಿನ ತರಗತಿಯಲ್ಲಿ ಅದು ನಾಲ್ಕು ನಾಲ್ಕರ ಮೂರು ಗುಂಪು. ಸಾಲುಗಳಲ್ಲಿ ಬರೆದರೆ ಮೂರು ಸಾಲು, ಸಾಲಿಗೆ ನಾಲ್ಕು ಚುಕ್ಕೆ. ನಮ್ಮ ಮಗ್ಗಿಯ ಓಟದಲ್ಲಿ ಮೂರನ್ನು ನಾಲ್ಕು ಸಲ ತೆಗೆದುಕೊಂಡಂತೆ ಕೇಳುತ್ತದೆ. ಉತ್ತರ 12 ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಚಿತ್ರ ತಿರುವುಮುರುವಾದಾಗ ಟೀಚರ್ ಗುರುತು ಹಾಕುತ್ತಾರೆ, ಮಗು ಅಳುತ್ತಾ ಬರುತ್ತದೆ, ಅಪ್ಪ ಇ-ಮೇಲ್ ಬರೆಯಲು ಕೂರುತ್ತಾರೆ. ಬರೆಯುವ ಮುನ್ನ ಕಡಲೆಕಾಳು ಹರಡಿಕೊಂಡು ಎರಡೂ ರೀತಿ ಜೋಡಿಸಿ ತೋರಿಸಿ. ಒಂದನ್ನು ಪಕ್ಕಕ್ಕೆ ತಿರುಗಿಸಿದರೆ ಇನ್ನೊಂದಾಗುತ್ತದೆ ಎಂದು ಮಗುವೇ ಹೇಳಬೇಕು. ಆ ವಾರದ ಪಾಠವೇ ಅದು.

ಮುಂದಿನ ಹೆಜ್ಜೆ, ಗೊತ್ತಿರುವ ಗುಣಾಕಾರದಿಂದ ಗೊತ್ತಿಲ್ಲದ್ದನ್ನು ಕಟ್ಟುವುದು. 8 × 7 ಮರೆತುಹೋಯಿತು ಎನ್ನಿ. ಎಂಟು ಸಾಲು, ಸಾಲಿಗೆ ಏಳು ಮನೆ ಇರುವ ಚೌಕುಳಿ ಬರೆದು, ಏಳನ್ನು ಐದು ಮತ್ತು ಎರಡಾಗಿ ಗೆರೆ ಎಳೆದು ಒಡೆಯಬೇಕು. 8 × 5 = 40, 8 × 2 = 16, ಎರಡೂ ಸೇರಿ 56. ಮಗ್ಗಿ ಬರುವ ಮಗುವಿಗೆ ಇದು ಸುತ್ತುಬಳಸಿನ ದಾರಿಯಂತೆ ಕಾಣುತ್ತದೆ. ಆದರೆ ಮೂರನೇ ಗ್ರೇಡಿನ ವಿಸ್ತೀರ್ಣದ ಪಾಠ ನಿಂತಿರುವುದು ಇದರ ಮೇಲೆ, ಎರಡಂಕಿಯ ಗುಣಾಕಾರವೂ ಮುಂದೆ ಬೀಜಗಣಿತವೂ ಇದರ ಮೇಲೇ ಬರುತ್ತವೆ. "ಇದೆಲ್ಲ ಯಾಕೆ, ಎಂಟೇಳ್ಲ ಐವತ್ತಾರು ಅಂತ ಬರಿ" ಎಂದು ಮಗುವಿನ ಎದುರಿಗೆ ಹೇಳಿಬಿಟ್ಟರೆ, ಅದು ಟೀಚರ್ ಮಾತನ್ನು ಕೇಳುವುದು ಬಿಡುತ್ತದೆ.

ಕಳೆಯುವ ಲೆಕ್ಕವೂ ಹಾಗೆಯೇ. 1000ದ ಒಳಗೆ ಕೂಡಿ ಕಳೆಯುವುದು ಸರಾಗವಾಗಬೇಕು, ಆದರೆ ನಾವು ಕಲಿತ ಹಾಗೆ ಕೆಳಗೆ ಮೇಲೆ ಬರೆದು ದಶಕ ತೆಗೆದುಕೊಂಡು ಕಳೆಯುವ ವಿಧಾನವೇ ಬರಬೇಕೆಂದು ಪಟ್ಟಿಯಲ್ಲಿ ಇರುವುದು ನಾಲ್ಕರಲ್ಲಿ. ಹಲವು ಅಂಕಿಗಳ ಗುಣಾಕಾರದ್ದು ಐದರಲ್ಲಿ, ನಾವು ಬಲ್ಲ ಉದ್ದನೆಯ ಭಾಗಾಕಾರದ್ದು ಆರರಲ್ಲಿ. ಮೂರರಲ್ಲಿ 403 − 168 ಎಂದು ಕೊಟ್ಟರೆ ಸಂಖ್ಯಾರೇಖೆಯ ಮೇಲೆ 168ರಿಂದ ಹಾರಿಸುತ್ತಾರೆ: 170ಕ್ಕೆ 2, 200ಕ್ಕೆ 30, 400ಕ್ಕೆ 200, 403ಕ್ಕೆ 3, ಒಟ್ಟು 235. ಮಧ್ಯದಲ್ಲಿ ಸೊನ್ನೆ ಇರುವ ಲೆಕ್ಕದಲ್ಲಿ ಊರಿನ ವಿಧಾನ ಕಲಿತ ಮಕ್ಕಳು ಹೆಚ್ಚು ತಪ್ಪುತ್ತಾರೆ. ಸೊನ್ನೆಯಿಂದ ದಶಕ ತೆಗೆಯಲು ಹೋಗಿ ನೂರರ ಮನೆಯನ್ನು ಕಡಿಮೆ ಮಾಡುವುದು ಮರೆಯುತ್ತಾರೆ. ಎರಡು ದಾರಿಯೂ ಗೊತ್ತಿದ್ದ ಮಗು ಒಂದರಿಂದ ಮಾಡಿ ಇನ್ನೊಂದರಿಂದ ತಾಳೆ ನೋಡುತ್ತದೆ. ಭಾಗಾಕಾರವನ್ನು ಈ ವರ್ಷವೇ ಕಲಿಸಿ ಮುಗಿಸುವ ಆತುರ ಬೇಡ. 56ನ್ನು ಎಂಟು ಜನಕ್ಕೆ ಹಂಚುವುದು, 56ರಲ್ಲಿ ಎಂಟೆಂಟರ ಗುಂಪು ಎಷ್ಟು ಎಂದು ಕೇಳುವುದು, ಇವೆರಡೂ ಬೇರೆ ಪ್ರಶ್ನೆ, ಉತ್ತರ ಒಂದೇ ಎಂದು ಮಗು ಬಿಡಿಸಿ ಹೇಳಿದರೆ ಸಾಕಷ್ಟಾಯಿತು.

ಭಿನ್ನರಾಶಿಗೆ ನಿಮ್ಮ ಸಮಯವನ್ನು ಧಾರಾಳವಾಗಿ ಕೊಡಿ. ಈ ವರ್ಷ ಛೇದ 2, 3, 4, 6, 8 ಮಾತ್ರ. ಕೂಡುವುದು, ಗುಣಿಸುವುದು ಇನ್ನೂ ಇಲ್ಲ. ಆದರೂ ಮಕ್ಕಳು ಮುಗ್ಗರಿಸುವ ಜಾಗಗಳು ನಿಶ್ಚಿತ. ಒಂದು, ಎಂಟು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಎಂಟನೇ ಒಂದು ಭಾಗ ಕಾಲಿಗಿಂತ ದೊಡ್ಡದು ಎಂದುಕೊಳ್ಳುವುದು. ಇನ್ನೊಂದು, ಸಂಖ್ಯಾರೇಖೆಯಲ್ಲಿ ಸೊನ್ನೆಯಿಂದ ಒಂದರ ನಡುವಿನ ಗೆರೆಗಳನ್ನು ಎಣಿಸುವುದು. ಎಣಿಸಬೇಕಾದದ್ದು ಗೆರೆಗಳ ನಡುವಿನ ಜಾಗವನ್ನು. ನಾಲ್ಕು ಸಮಭಾಗಕ್ಕೆ ನಡುವೆ ಮೂರೇ ಗೆರೆ ಬರುತ್ತವೆ, ಅದನ್ನು ನೋಡಿ ಮಗು ಮೂರನೇ ಒಂದು ಎಂದು ಬರೆಯುತ್ತದೆ. ಮತ್ತೊಂದು, ಭಾಗಗಳು ಸಮವಿಲ್ಲದಿದ್ದರೂ ಒಪ್ಪಿಕೊಳ್ಳುವುದು.

ಇದಕ್ಕೆ ವರ್ಕ್‌ಶೀಟಿಗಿಂತ ಅಡುಗೆಮನೆ ಒಳ್ಳೆಯದು. ಇಲ್ಲಿ ಸಿಗುವ ಅಳತೆ ಕಪ್ಪಿನ ಸೆಟ್ಟಿನಲ್ಲಿ ಒಂದು, ಅರ್ಧ, ಮೂರನೇ ಒಂದು, ಕಾಲು, ಹೀಗೆ ನಾಲ್ಕು ಕಪ್ ಇರುತ್ತವೆ. ಉಪ್ಪಿಟ್ಟಿಗೆ ಒಂದು ಕಪ್ ರವೆ, ಎರಡೂವರೆ ಕಪ್ ನೀರು ಎಂದಿದ್ದರೆ, ಮಗುವಿನ ಕೈಗೆ ಕಾಲು ಕಪ್ ಒಂದನ್ನೇ ಕೊಟ್ಟು ಎಷ್ಟು ಸಲ ಸುರಿಯಬೇಕು ಎಂದು ಮೊದಲೇ ಹೇಳಿಸಿ, ಆಮೇಲೆ ಸುರಿಸಿ. ಹತ್ತು ಸಲ. ಮೂರನೇ ಒಂದರ ಕಪ್ಪಿನಿಂದ ಕಾಲು ಕಪ್ಪಿಗೆ ನೀರು ಸುರಿದಾಗ ತುಂಬಿ ಚೆಲ್ಲಿದರೆ, ಛೇದ ದೊಡ್ಡದಾದಷ್ಟೂ ಭಾಗ ಚಿಕ್ಕದು ಎಂದು ಬೇರೆ ಹೇಳಬೇಕಾಗಿಲ್ಲ. ಕಾಲು ಕಪ್ ಎರಡು ಸಲ ಹಾಕಿದರೆ ಅರ್ಧ ಕಪ್ ತುಂಬುವುದೇ ಸಮಾನ ಭಿನ್ನರಾಶಿ.

ಊರಿನಿಂದ ಬಂದ ಮಗುವಿಗೆ ಎರಡನೇ ಗ್ರೇಡಿನ ಕೆಲವು ಸಂಗತಿ ತಪ್ಪಿಹೋಗಿರುತ್ತವೆ, ಟೀಚರ್ ಅವನ್ನು ಮತ್ತೆ ಹೇಳಿಕೊಡದಿರಬಹುದು. ನಾಣ್ಯಗಳು: ಪೆನ್ನಿ 1, ನಿಕಲ್ 5, ಡೈಮ್ 10, ಕ್ವಾರ್ಟರ್ 25. ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು ಡೈಮ್, ಆದರೆ ಬೆಲೆ ನಿಕಲ್‌ನ ಎರಡರಷ್ಟು. ಮಕ್ಕಳು ಅಲ್ಲಿ ತಪ್ಪುತ್ತಾರೆ. ಅಳತೆ ಇಂಚು, ಅಡಿಯಲ್ಲಿ ಇರುತ್ತದೆ, ಮೂರರಲ್ಲಿ ಅರ್ಧ ಇಂಚು, ಕಾಲು ಇಂಚಿನವರೆಗೆ ಅಳೆದು ಗೆರೆಯ ಮೇಲೆ ಗುರುತು ಹಾಕಿಸುತ್ತಾರೆ. ಊರಿನ ಸ್ಕೇಲಿನಲ್ಲಿ ಸೆಂಟಿಮೀಟರ್ ಕಡೆಯನ್ನಷ್ಟೇ ಬಳಸಿದ ಮಗುವಿಗೆ ಇಂಚಿನ ಚಿಕ್ಕ ಗೆರೆಗಳು ಹೊಸದು. ದಿನಾಂಕದಲ್ಲಿ ತಿಂಗಳು ಮೊದಲು ಬರುತ್ತದೆ. ಇವನ್ನೆಲ್ಲ ಒಂದು ಭಾನುವಾರ ಕುಳಿತು ಮುಗಿಸಬಹುದು.

ವಾಕ್ಯದ ಲೆಕ್ಕಗಳಿಗೆ ಇನ್ನು ಎರಡು ಹೆಜ್ಜೆ. ನಾಲ್ಕು ಡಬ್ಬಿ, ಡಬ್ಬಿಗೆ ಆರು ಲಡ್ಡು, ಐದು ತಿಂದರು, ಉಳಿದದ್ದು ಎಷ್ಟು? ಗುಣಿಸಿ ಕಳೆಯಬೇಕು. "ಹೆಚ್ಚು ಎಂದಿದ್ದರೆ ಕೂಡು, ಉಳಿದ ಎಂದಿದ್ದರೆ ಕಳೆ" ಎಂಬ ಅಡ್ಡದಾರಿಯನ್ನು ಹೇಳಿಕೊಡಬೇಡಿ. "ರವಿಯ ಬಳಿ 12 ಇವೆ, ಇದು ಸೀತಾಳಿಗಿಂತ 5 ಹೆಚ್ಚು, ಸೀತಾಳ ಬಳಿ ಎಷ್ಟು?" ಎಂದು ಕೇಳಿದಾಗ ಅದೇ ಅಡ್ಡದಾರಿ ಮಗುವನ್ನು 17ಕ್ಕೆ ಕರೆದೊಯ್ಯುತ್ತದೆ. ಲೆಕ್ಕವನ್ನು ಮಗು ಮೊದಲು ತನ್ನ ಮಾತಿನಲ್ಲಿ, ಕನ್ನಡದಲ್ಲಿ, ಕಥೆಯ ಹಾಗೆ ಹೇಳಲಿ. ಅಂಕಿ ಆಮೇಲೆ ಬರೆಯಲಿ.

ಓದು ಮತ್ತು ಬರಹ

ಮೂರನೇ ಗ್ರೇಡಿನ ಓದನ್ನು ಶಾಲೆ ಎರಡು ರೀತಿ ಅಳೆಯುತ್ತದೆ. ಒಂದು ಸರಾಗತೆ: ಮಗು ಹಿಂದೆ ನೋಡಿರದ ಪುಟವನ್ನು ಒಂದು ನಿಮಿಷ ಗಟ್ಟಿಯಾಗಿ ಓದುತ್ತದೆ, ಓದಿದ ಪದಗಳಲ್ಲಿ ತಪ್ಪನ್ನು ಕಳೆದು ಎಣಿಸುತ್ತಾರೆ. ಇಲ್ಲಿ ಹೆಚ್ಚಾಗಿ ಬಳಸುವ, ಓದಿನ ವೇಗದ 2017ರ ಕೋಷ್ಟಕದಲ್ಲಿ ಸರಿಯಾಗಿ ಮಧ್ಯದಲ್ಲಿರುವ ಮಗು ವರ್ಷದ ಆರಂಭದಲ್ಲಿ ನಿಮಿಷಕ್ಕೆ 83, ಚಳಿಗಾಲದಲ್ಲಿ 97, ಕೊನೆಯಲ್ಲಿ 112 ಪದ ಓದುತ್ತದೆ. ಮನೆಯಲ್ಲೂ ಇದನ್ನು ತಿಂಗಳಿಗೊಮ್ಮೆ ಮಾಡಿ ನೋಡಬಹುದು. ನಮ್ಮ ಉಚ್ಚಾರಣೆ ತಪ್ಪಲ್ಲ, ಅದನ್ನು ಎಣಿಸಬೇಡಿ. 112ರ ಹತ್ತಿರ ಬಂದ ಮೇಲೆ ವೇಗದ ಹಿಂದೆ ಓಡುವುದರಿಂದ ಏನೂ ಸಿಗುವುದಿಲ್ಲ.

ಇನ್ನೊಂದು, ಓದಿದ್ದರ ಅರ್ಥ ತಿಳಿಯುವುದು. ಕಷ್ಟ ಇರುವುದು ಇಲ್ಲಿ. ಬೆಂಗಳೂರಿನ ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದ ಎಷ್ಟೋ ಮಕ್ಕಳು ಪುಟವನ್ನು ತಡವರಿಸದೆ ಓದುತ್ತಾರೆ, ಟೀಚರ್ ಕೂಡ ಮೊದಮೊದಲು ಮೋಸಹೋಗುತ್ತಾರೆ. "ಹುಡುಗಿ ಕಿಟಕಿಯ ಹತ್ತಿರ ಯಾಕೆ ನಿಂತೇ ಇದ್ದಳು? ಯಾವ ವಾಕ್ಯದಿಂದ ಹಾಗೆ ಅನ್ನಿಸಿತು?" ಎಂದು ಕೇಳಿದಾಗ ಸುಮ್ಮನಾಗುತ್ತಾರೆ. ಪಾಠದ ಕೊನೆಯ ಪ್ರಶ್ನೆಗೆ ಪಾಠದಲ್ಲಿರುವ ವಾಕ್ಯವನ್ನೇ ಎತ್ತಿ ಬರೆದು ಅಭ್ಯಾಸವಾದ ಮಗುವಿಗೆ, ಪಠ್ಯದಲ್ಲಿ ನೇರವಾಗಿ ಬರೆದಿರದ ಉತ್ತರವನ್ನು ಪಠ್ಯದ ಆಧಾರದಿಂದಲೇ ಹೇಳಬೇಕು ಎಂಬುದು ಹೊಸ ಬೇಡಿಕೆ. ಇಲ್ಲಿ ಪ್ರತಿ ಉತ್ತರಕ್ಕೂ ಪಠ್ಯದಿಂದ ಸಾಕ್ಷಿ ಕೊಡಬೇಕು.

ಇದನ್ನು ಕಲಿಸಲು ನಮ್ಮ ಇಂಗ್ಲಿಷ್ ಚೆನ್ನಾಗಿರಬೇಕಿಲ್ಲ. ಬೇರೆ ಬೇರೆ ಸಂಸ್ಕೃತಿಗಳ ನೀತಿಕಥೆ, ಜನಪದ ಕಥೆ, ಪುರಾಣಗಳನ್ನು ಮತ್ತೆ ಹೇಳುವುದು, ಅವುಗಳ ತಿರುಳು ಗುರುತಿಸುವುದು, ಆ ತಿರುಳು ಕಥೆಯ ಯಾವ ವಿವರದಿಂದ ಹೊರಟಿತು ಎಂದು ತೋರಿಸುವುದು ಮೂರನೇ ಗ್ರೇಡಿನ ಪಟ್ಟಿಯಲ್ಲೇ ಇದೆ. ಹುಲಿಗೆ ಮಾತು ಕೊಟ್ಟು, ಕರುವಿಗೆ ಹಾಲುಣಿಸಿ ಮರಳಿ ಬಂದ ಹಸುವಿನ ಕಥೆ ಹೇಳಿ. ಹೇಳಿ ಮುಗಿಸಿದ ಮೇಲೆ "ಸತ್ಯ ಹೇಳಬೇಕು" ಎಂದು ನೀವೇ ಸಾರ ಹೇಳಿಬಿಡಬೇಡಿ. ಹುಲಿಯ ಮನಸ್ಸು ಯಾವಾಗ ಬದಲಾಯಿತು? ಹಸು ಹೋಗುವಾಗಲೋ, ಬಂದು ಎದುರಿಗೆ ನಿಂತಾಗಲೋ? ಹಸುವಿನ ಜಾಗದಲ್ಲಿ ನೀನಿದ್ದರೆ ಹೋಗುತ್ತಿದ್ದೆಯಾ? ಕರುವಿಗೆ ಈ ಕಥೆ ಹೇಗೆ ಕಂಡಿರಬಹುದು? ಕಥೆ ಹೇಳುವವರ ನೋಟ, ಪಾತ್ರದ ನೋಟ, ತನ್ನ ನೋಟ ಬೇರೆ ಬೇರೆ ಎಂದು ತಿಳಿಯುವುದೂ ಈ ವರ್ಷದ ಪಾಠ. ಕನ್ನಡದಲ್ಲಿ ಹೀಗೆ ಯೋಚಿಸಲು ಕಲಿತ ಮಗು ಇಂಗ್ಲಿಷಿನಲ್ಲೂ ಅದನ್ನೇ ಮಾಡುತ್ತದೆ.

ಬರವಣಿಗೆಯಲ್ಲಿ ಮೂರು ಬಗೆ: ಅಭಿಪ್ರಾಯ, ಮಾಹಿತಿ, ಕಥನ. "ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು" ಎಂದು ಕಂಠಪಾಠ ಮಾಡಿ ಪ್ರಬಂಧ ಬರೆದ ಮಗುವಿಗೆ ಅಭಿಪ್ರಾಯದ ಬರಹವೇ ಕಠಿಣ. ಊಟದ ವಿರಾಮ ಇನ್ನೂ ಉದ್ದವಿರಬೇಕೆ ಎಂಬಂಥ ಪ್ರಶ್ನೆ ಕೊಡುತ್ತಾರೆ. ಮೊದಲ ವಾಕ್ಯದಲ್ಲಿ ತನ್ನ ನಿಲುವು, ಆಮೇಲೆ ಎರಡು ಮೂರು ಕಾರಣ, ಒಂದೊಂದು ಕಾರಣಕ್ಕೂ ಒಂದು ಉದಾಹರಣೆ, ಅವನ್ನು ಜೋಡಿಸುವ ಬಿಕಾಸ್, ದೇರ್‌ಫೋರ್, ಫಾರ್ ಎಕ್ಸಾಂಪಲ್, ಕೊನೆಗೆ ಮುಕ್ತಾಯದ ಒಂದು ವಾಕ್ಯ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕೊರತೆ, ಒಂದೇ ಕಾರಣವನ್ನು ಮೂರು ಸಲ ಬೇರೆ ಪದಗಳಲ್ಲಿ ಬರೆಯುವುದು. ಹಾಗಾಗಿ ಬರೆಯುವ ಮುನ್ನ ಬೆರಳು ಮಡಿಸಿ ಮೂರು ಕಾರಣ ಬಾಯಲ್ಲಿ ಹೇಳಿಸಿ, ಎರಡು ಒಂದೇ ಎನಿಸಿದರೆ ಒಂದು ಬೆರಳು ಬಿಡಿಸಿ.

ಒಂದು ವಿಷಯವನ್ನು ಕೈಮುಗಿದು ಕೇಳಿಕೊಳ್ಳುತ್ತೇವೆ: ಮಗುವಿನ ಕರಡನ್ನು ನೀವು ತಿದ್ದಿ ಬರೆಯಬೇಡಿ. ಇಲ್ಲಿ ಯೋಜನೆ, ಕರಡು, ಪರಿಷ್ಕರಣೆ, ತಿದ್ದುಪಡಿ ಎಲ್ಲ ತರಗತಿಯಲ್ಲೇ ನಡೆಯುತ್ತದೆ. ಕಾಗುಣಿತ ತಪ್ಪಿದ್ದರೂ ಟೀಚರ್ ಕೆಂಪು ಗೆರೆ ಎಳೆಯದೆ ಬಿಟ್ಟಿದ್ದರೆ, ಆ ವಾರ ಅವರು ಕಲಿಸುತ್ತಿರುವುದು ಬೇರೆ ಎಂದರ್ಥ. ಅಪ್ಪ ಬರೆದ ಸೊಗಸಾದ ವಾಕ್ಯ ಎಂಟು ವರ್ಷದವರದಲ್ಲ ಎಂದು ಅವರಿಗೆ ತಕ್ಷಣ ತಿಳಿಯುತ್ತದೆ, ಮಗುವಿಗೆ ಏನು ಬರುವುದಿಲ್ಲ ಎಂಬುದು ಮಾತ್ರ ತಿಳಿಯದೆ ಹೋಗುತ್ತದೆ. ಬ್ರಿಟಿಷ್ ಕಾಗುಣಿತ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಮಾತ್ರ ಬೈಯದೆ ತಿಳಿಸಿಕೊಡಿ, ಊರಿನಲ್ಲಿ ಸರಿ ಎಂದು ಕಲಿತದ್ದಕ್ಕೆ ಇಲ್ಲಿ ತಪ್ಪು ಬಿದ್ದರೆ ಮಗುವಿಗೆ ನೋವಾಗುತ್ತದೆ. ಇಂಗ್ಲಿಷನ್ನು ಕೂಡಿಸಿ ಬರೆಯುವ ಅಕ್ಷರ (ಕರ್ಸಿವ್) ಊರಿನಲ್ಲೇ ಬಂದಿದ್ದರೆ ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ 2023ರ ಕಾನೂನಿನಿಂದ ಅದು ಒಂದರಿಂದ ಆರನೇ ಗ್ರೇಡಿನ ಪಾಠಕ್ಕೆ ಸೇರಿದೆ.

ವಿಜ್ಞಾನ, ಊರಿನ ಚರಿತ್ರೆ

ವಿಜ್ಞಾನದಲ್ಲಿ ತಳ್ಳುವ ಎಳೆಯುವ ಬಲ, ಅಯಸ್ಕಾಂತ, ಜೀವನಚಕ್ರ, ತಂದೆ-ತಾಯಿಯಿಂದ ಬರುವ ಗುಣ, ಪಳೆಯುಳಿಕೆ, ಹವಾಮಾನ. ಜಗತ್ತಿನ ಬೇರೆ ಬೇರೆ ಪ್ರದೇಶಗಳ ಹವೆಯನ್ನು ಹೋಲಿಸುವ ಪಾಠ ಬಂದಾಗ ನಿಮ್ಮ ಮಗುವಿಗೆ ಹೇಳಲು ಬೇಕಾದಷ್ಟಿದೆ: ಒಂದೇ ರಾಜ್ಯದಲ್ಲಿ ಘಟ್ಟದ ಮೇಲಿನ ಆಗುಂಬೆಯ ಮಳೆಯೂ ಇದೆ, ಚಳ್ಳಕೆರೆಯ ಒಣ ನೆಲವೂ ಇದೆ. ಜೀವನಚಕ್ರಕ್ಕೆ ಚಿಟ್ಟೆಯ ಜೊತೆ ರೇಷ್ಮೆಹುಳವನ್ನೂ ಸೇರಿಸಬಹುದು. ರಾಮನಗರದ ಗೂಡಿನ ಮಾರುಕಟ್ಟೆ ನೋಡಿದ ಮಗು ತರಗತಿಯಲ್ಲಿ ಬೇರೆ ಯಾರೂ ಹೇಳಲಾಗದ್ದನ್ನು ಹೇಳುತ್ತದೆ.

ಸಮಾಜಪಾಠದ ಮುಖ್ಯ ವಿಷಯ ತಾವಿರುವ ಊರು: ಮೊದಲು ಇಲ್ಲಿ ಯಾರಿದ್ದರು, ನೆಲ ನೀರು ಹೇಗಿತ್ತು, ಆಮೇಲೆ ಯಾರು ಬಂದರು, ಊರಿನ ಆಡಳಿತ ಹೇಗೆ ನಡೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಒಲೋನಿ ಜನರಿಂದ ಶುರುವಾಗುತ್ತದೆ. ಇದನ್ನು ಹೊರಗಿನವರ ಪಾಠ ಎಂದು ಬದಿಗೆ ಇಡಬೇಡಿ. ಬೇ ಏರಿಯಾದ ಫ್ರೀಮಾಂಟ್ ನಗರದಲ್ಲಿ ಮನೆ ಮಾಡಿದವರು ಮಗುವಿನ ಜೊತೆ ಕಾಯೋಟಿ ಹಿಲ್ಸ್ ಪಾರ್ಕಿಗೆ ಹೋಗಿ, ಒಲೋನಿಗಳು ಬಾಳಿದ ಜಾಗ ಅಲ್ಲಿದೆ. ಸೆಂಟರ್‌ವಿಲ್, ನೈಲ್ಸ್, ಅರ್ವಿಂಗ್‌ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಊರುಗಳು ಸೇರಿ 1956ರಲ್ಲಿ ಫ್ರೀಮಾಂಟ್ ಆಯಿತು. ನೈಲ್ಸ್‌ನಲ್ಲಿ ಮೂಕಿ ಚಿತ್ರಗಳ ಸ್ಟುಡಿಯೋ ಇತ್ತು, 1915ರಲ್ಲಿ ಚಾಪ್ಲಿನ್ ಅಲ್ಲಿ ಚಿತ್ರ ಮಾಡಿದ್ದರು. ಬಾಡಿಗೆ ಮನೆಯ ಬೀದಿಗೂ ಒಂದು ಕಥೆ ಇದೆ ಎಂದು ಗೊತ್ತಾದ ಮೇಲೆ ಮಗು ಅದನ್ನು ನಮ್ಮೂರು ಎನ್ನುತ್ತದೆ. ನಾವು ಹಾಸನವನ್ನೋ ಧಾರವಾಡವನ್ನೋ ನಮ್ಮೂರು ಎನ್ನುತ್ತಲೇ ಇರುತ್ತೇವೆ. ಎರಡೂ ಒಂದೇ ಮನೆಯಲ್ಲಿ ಇರಬಹುದು, ಮಗುವಿಗೆ ಆಯ್ಕೆ ಮಾಡು ಎನ್ನಬೇಕಿಲ್ಲ.

ಜೀವನಚರಿತ್ರೆಯ ಪ್ರಾಜೆಕ್ಟ್ ಕೊಟ್ಟರೆ ವಿಶ್ವೇಶ್ವರಯ್ಯನವರನ್ನು ಆರಿಸಿಕೊಳ್ಳುವ ಮಕ್ಕಳಿದ್ದಾರೆ. ಒಳ್ಳೆಯದೇ, ಆದರೆ ಎಂಟು ವರ್ಷದವರು ಓದುವಂಥ ಇಂಗ್ಲಿಷ್ ಪುಸ್ತಕ ಕೈಗೆ ಸಿಕ್ಕ ಮೇಲೆ ಹೆಸರು ಕೊಡಿ. ಮಗು ತಾನೇ ಓದಿ ಬರೆಯಬೇಕಾದ ಕೆಲಸ ಅದು.

ರಿಪೋರ್ಟ್ ಕಾರ್ಡ್, ಪರೀಕ್ಷೆ, ಟೀಚರ್ ಭೇಟಿ

ಎಷ್ಟೋ ಶಾಲೆಗಳ ರಿಪೋರ್ಟ್ ಕಾರ್ಡಿನಲ್ಲಿ 1ರಿಂದ 4ರವರೆಗೆ ಅಂಕಿ ಇರುತ್ತದೆ. 3 ಎಂದರೆ ನಾಲ್ಕಕ್ಕೆ ಮೂರು, 75 ಪರ್ಸೆಂಟ್ ಎಂದು ಲೆಕ್ಕ ಹಾಕಿ ಮನೆಯಲ್ಲಿ ಮೌನ ಆವರಿಸುತ್ತದೆ. 3 ಎಂದರೆ ಆ ಹೊತ್ತಿಗೆ ಬರಬೇಕಾದದ್ದು ಪೂರ್ತಿ ಬಂದಿದೆ ಎಂದರ್ಥ. ವರ್ಷದ ಕೊನೆಯ ಮಟ್ಟದ ಮೇಲೆ ಅಳೆಯುವ ಶಾಲೆಗಳಲ್ಲಿ ನವೆಂಬರಿನ 2 ಕೂಡ ಸಹಜ. 3 ತಂದ ಮಗುವನ್ನು ಮೆಚ್ಚಿಕೊಳ್ಳಿ.

ಮೂರನೇ ಗ್ರೇಡಿನಿಂದ ಎಂಟರವರೆಗೆ ಪ್ರತಿ ವರ್ಷ ಓದು ಮತ್ತು ಲೆಕ್ಕದ ಪರೀಕ್ಷೆ ಮಾಡಬೇಕೆಂಬುದು ದೇಶದ ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಅದು ವಸಂತದಲ್ಲಿ, ಕಂಪ್ಯೂಟರಿನ ಮೇಲೆ, ಸಮಯದ ಮಿತಿ ಇಲ್ಲದೆ, ಕ್ಯಾಲ್ಕುಲೇಟರ್ ಇಲ್ಲದೆ ನಡೆಯುತ್ತದೆ. ಮಗು ಸರಿಯಾಗಿ ಉತ್ತರಿಸಿದಂತೆ ಪ್ರಶ್ನೆ ಕಠಿಣವಾಗುತ್ತಾ ಹೋಗುತ್ತದೆ. ಅದನ್ನು ಮೊದಲೇ ತಿಳಿಸಿ, ಇಲ್ಲವಾದರೆ ಚೆನ್ನಾಗಿ ಮಾಡುತ್ತಿರುವ ಮಗುವೇ ಧೈರ್ಯಗೆಡುತ್ತದೆ. ತೊಂದರೆಯಾಗುವುದು ಹೆಚ್ಚಾಗಿ ಟೈಪ್ ಮಾಡುವಲ್ಲಿ, ತೆರೆಯ ಮೇಲೆ ಎಳೆದು ಕೂರಿಸುವಲ್ಲಿ. ಅಭ್ಯಾಸದ ಪರೀಕ್ಷೆ ಎಲ್ಲರಿಗೂ ಉಚಿತವಾಗಿ ತೆರೆದಿದೆ, ಎರಡು ಸಲ ಮಾಡಿಸಿದರೆ ಸಾಕು. ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ಮೂರನೇ ಗ್ರೇಡಿನ ಓದಿನ ಪರೀಕ್ಷೆಯಲ್ಲಿ ಕೆಳಗಿನ ಮಟ್ಟ ಬಂದರೆ ಮಗುವನ್ನು ಅದೇ ತರಗತಿಯಲ್ಲಿ ಉಳಿಸಬಹುದು. ಅಲ್ಲಿರುವವರು ಸೆಪ್ಟೆಂಬರಿನಲ್ಲೇ ಟೀಚರನ್ನು ಕೇಳಿ.

ಟೀಚರ್ ಭೇಟಿಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಅದನ್ನು "ನನ್ನ ಮಗು ಎಷ್ಟನೆಯದು", "ಇನ್ನೂ ಹೋಮ್‌ವರ್ಕ್ ಕೊಡಿ" ಎಂಬುದರಲ್ಲಿ ಕಳೆಯಬೇಡಿ. ಮಗು ಬರೆದ ಒಂದು ಹಾಳೆಯನ್ನೂ, ಆ ಹಂತಕ್ಕೆ ಸರಿಯಾದ ಇನ್ನೊಂದು ಮಾದರಿಯನ್ನೂ ತೋರಿಸಲು ಕೇಳಿ. ಅರ್ಥವಾಗದಿದ್ದಾಗ ಕೈ ಎತ್ತುತ್ತದೆಯೇ, ಊಟಕ್ಕೆ ಯಾರ ಜೊತೆ ಕೂರುತ್ತದೆ, ವಿರಾಮದಲ್ಲಿ ಒಂಟಿಯಾಗಿ ನಿಲ್ಲುತ್ತದೆಯೇ ಎಂದು ಕೇಳಿ. ದೊಡ್ಡವರ ಎದುರು ಸುಮ್ಮನಿರುವುದೇ ಮರ್ಯಾದೆ ಎಂದು ನಾವು ಬೆಳೆಸಿದ ಮಗು, ಇಲ್ಲಿ ಪ್ರಶ್ನೆ ಇಲ್ಲದ ಮಗುವಾಗಿ ಕಾಣುತ್ತದೆ. ಶಾಲೆಯಲ್ಲಿ ಪ್ರಶ್ನೆ ಕೇಳುವುದು ಉದ್ಧಟತನವಲ್ಲ ಎಂದು ನಾವೇ ಬಾಯಿಬಿಟ್ಟು ಹೇಳಬೇಕು.

ಡಬ್ಬಿಯ ವಿಷಯ ಚಿಕ್ಕದು, ಆದರೆ ದಿನವೂ ಇರುವುದು. ಕಡಲೆಬೀಜಕ್ಕೆ ಜೀವಕ್ಕೇ ಅಪಾಯವಾಗುವಷ್ಟು ಅಲರ್ಜಿ ಇರುವ ಮಕ್ಕಳಿರುತ್ತಾರೆ. ತರಗತಿ ಕಡಲೆಬೀಜ ನಿಷೇಧ ಎಂದು ಹೇಳಿದ್ದರೆ ಚಿತ್ರಾನ್ನ, ಪುಳಿಯೋಗರೆ, ಶೇಂಗಾ ಚಟ್ನಿಪುಡಿ ಎಲ್ಲವೂ ಅದರಲ್ಲಿ ಸೇರುತ್ತವೆ. ಕಡಲೆಬೇಳೆ ಹಾಕಿ ಒಗ್ಗರಣೆ ಕೊಡಿ. 2022ರಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ತಿಂಡಿ, ಊಟ ಉಚಿತ. ಸಸ್ಯಾಹಾರಿಗಳು ಮೆನು ನೋಡಿ ಮಗುವಿಗೆ ಏನು ಕೇಳಬೇಕೆಂದು ಹೇಳಿಕೊಡಿ.

ಡಿಸೆಂಬರಿನಲ್ಲಿ ಐದು ವಾರ ಊರಿಗೆ ಹೋಗುವ ಯೋಜನೆ ಇದ್ದರೆ ಟಿಕೆಟ್ ಕೊಳ್ಳುವ ಮುನ್ನ ಆಫೀಸಿನಲ್ಲಿ ಇಂಡಿಪೆಂಡೆಂಟ್ ಸ್ಟಡಿಯ (ಶಾಲೆಗೆ ಬಾರದ ದಿನಗಳಲ್ಲಿ ಟೀಚರ್ ಕೊಟ್ಟ ಕೆಲಸವನ್ನು ಮಾಡಿಕೊಡುವ ಒಪ್ಪಂದದ) ಬಗ್ಗೆ ಕೇಳಿ, ಹೊರಡುವ ಮುನ್ನವೇ ಸಹಿ ಮಾಡಿಬಿಡುವುದು ಒಳ್ಳೆಯದು. ಸರಿಯಾದ ಕಾರಣವಿಲ್ಲದೆ ಮೂರು ದಿನ ತಪ್ಪಿಸಿದರೂ ಕಾನೂನಿನ ಪ್ರಕಾರ ನೋಟಿಸ್ ಬರುತ್ತದೆ. 180 ದಿನಗಳ ವರ್ಷದಲ್ಲಿ 18 ದಿನ ತಪ್ಪಿದರೆ, ಕಾರಣ ಏನೇ ಇದ್ದರೂ, ದೀರ್ಘ ಗೈರುಹಾಜರಿಯ ಪಟ್ಟಿಗೆ ಸೇರುತ್ತದೆ.

ಕನ್ನಡ ಜಾರುವ ವಯಸ್ಸು

ಎಂಟು ವರ್ಷಕ್ಕೆ ಬಂದ ಮಗುವಿನ ಕನ್ನಡ ಗಟ್ಟಿ ಎಂದು ಧೈರ್ಯವಾಗಿ ಇರುತ್ತೇವೆ. ಆದರೆ ಯೋಚನೆ ಹೇಳಲು ಇಂಗ್ಲಿಷ್, ಊಟ ಸ್ನಾನಕ್ಕೆ ಮಾತ್ರ ಕನ್ನಡ ಎಂಬ ವಿಂಗಡಣೆ ಶುರುವಾಗುವುದು ಇದೇ ಹೊತ್ತಿನಲ್ಲಿ. ಹೋಮ್‌ವರ್ಕ್ ಇಂಗ್ಲಿಷಿನಲ್ಲಿದೆ ಎಂದು ನಾವೂ ಇಂಗ್ಲಿಷಿಗೆ ಹೊರಳುತ್ತೇವೆ, ಮಗು ಸರಿಮಾಡಿಕೊಂಡು ಹೋಗುತ್ತದೆ. ಎರಡು ವರ್ಷ ಕಳೆದರೆ ಅಜ್ಜಿಯ ಜೊತೆ "ಊಟ ಆಯ್ತಾ, ಹೂಂ" ಎಂಬುದಕ್ಕಿಂತ ಹೆಚ್ಚು ಮಾತು ಉಳಿದಿರುವುದಿಲ್ಲ. ಪದ ಮರೆತದ್ದಕ್ಕಿಂತ, ಕನ್ನಡದಲ್ಲಿ ವಾದ ಮಾಡಲು, ಕಾರಣ ಕೊಡಲು, ಸಂಕಟ ಹೇಳಿಕೊಳ್ಳಲು ಆಗದಿರುವುದು ದೊಡ್ಡ ನಷ್ಟ. ಹದಿಮೂರಕ್ಕೆ ಬಂದಾಗ ಅದು ಅಪ್ಪ-ಅಮ್ಮನಿಗೂ ತಟ್ಟುತ್ತದೆ.

ಆದ್ದರಿಂದ ಹೋಮ್‌ವರ್ಕಿನ ಪ್ರಶ್ನೆ ಇಂಗ್ಲಿಷಿನಲ್ಲಿರಲಿ, ಅದರ ಮೇಲಿನ ಮಾತು ಕನ್ನಡದಲ್ಲಿರಲಿ, ಉತ್ತರ ಇಂಗ್ಲಿಷಿನಲ್ಲಿ ಬರೆಯಲಿ. ಡಿವೈಡ್, ಫ್ರ್ಯಾಕ್ಷನ್ ಎಂಬ ಶಾಲೆಯ ಪದಗಳು ಕನ್ನಡ ವಾಕ್ಯದೊಳಗೆ ಬಂದರೆ ಬರಲಿ, ವಾಕ್ಯ ಕನ್ನಡದ್ದಾಗಿದ್ದರೆ ಸಾಕು. ಕನ್ನಡ ಕೂಟದವರು ನಡೆಸುವ ವಾರಾಂತ್ಯದ ತರಗತಿಗೆ ಬಂದ ವರ್ಷವೇ ಸೇರಿಸಿ. ಅಕ್ಷರ ಇನ್ನೂ ನೆನಪಿರುವಾಗ ಸೇರಿದ ಮಗು ಮುಂದಿನ ಹಂತದಿಂದ ಶುರುಮಾಡುತ್ತದೆ. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಕನ್ನಡ ಓದಿಸಿ, ಒಂದು ಪುಟ ಸಾಕು.

ಊರಿಗೆ ವಿಡಿಯೋ ಕಾಲ್ ಮಾಡುವ ಹೊಣೆಯನ್ನು ಈ ವರ್ಷ ಮಗುವಿಗೇ ಬಿಡಿ. ನಿಮಿಷದ ಲೆಕ್ಕದಲ್ಲಿ ಗಡಿಯಾರ ನೋಡುವುದು, ಎರಡು ಹೊತ್ತಿನ ನಡುವಿನ ಅಂತರ ಹೇಳುವುದು ಹೇಗೂ ಪಾಠದಲ್ಲಿದೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೂ ಊರಿಗೂ ಹನ್ನೆರಡೂವರೆ ಗಂಟೆ, ನವೆಂಬರಿನಲ್ಲಿ ಇಲ್ಲಿ ಗಡಿಯಾರ ಹಿಂದಿಟ್ಟ ಮೇಲೆ ಹದಿಮೂರೂವರೆ. ಸಂಜೆ 7ಕ್ಕೆ ಇಲ್ಲಿಂದ ಮಾಡಿದರೆ ಅಲ್ಲಿ ಅಜ್ಜನ ಕಾಫಿಯ ಹೊತ್ತು, ಅಕ್ಟೋಬರಿನಲ್ಲಿ ಬೆಳಿಗ್ಗೆ 7:30, ಡಿಸೆಂಬರಿನಲ್ಲಿ 8:30. ಮಗು ಆ ವಾರದ ಒಂದು ಲೆಕ್ಕವನ್ನು ಅಜ್ಜನಿಗೆ ವಿವರಿಸಲಿ, ಮಧ್ಯೆ ನೀವು ಬಾಯಿ ಹಾಕಬೇಡಿ. 403ರಿಂದ 168 ಕಳೆಯಲು 168ರಿಂದ ಹಾರುತ್ತಾ ಹೋಗುವುದು ಯಾಕೆ ಎಂದು ಅಜ್ಜ ಕೇಳಿಯೇ ಕೇಳುತ್ತಾರೆ, ಅವರಿಗೂ ಅದು ಹೊಸದು.